ಓದುಗರ ಪ್ರಶ್ನೆ: ಆನಂದಪುರ ಮೆನ್ನೊನೈಟರದ್ದೇ?

ಪ್ರಶ್ನೆ: ಕೊಡಗಿನ ಸಿದ್ದಾಪುರದ ಬಳಿಯ ಆನಂದಪುರ ಮೆನ್ನೊನೈಟ್ ಎಂಬ ಪ್ರೊಟೆಸ್ಟಂಟ್ ಪಂಗಡದ ಮಿಷನ್ ಕಟ್ಟಿದ ಊರೆಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ನಿಜವೇ?
– ಓದುಗರೊಬ್ಬರು, ಅಮ್ಮತ್ತಿ

ಉತ್ತರ: ಅಲ್ಲ, ಅದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಊರು. ಕ್ರೈಸ್ತರಾದ ದಲಿತ ಕುಟುಂಬಗಳಿಗಾಗಿ ಹರ್ಮನ್ ಮೊಗ್ಲಿಂಗ್ (‘ಮಂಗಳೂರು ಸಮಾಚಾರ’ ಹೊರಡಿಸಿದವರೇ) 1850ರ ದಶಕದಲ್ಲಿ ಅಲ್ಲಿ ನೆಲೆ ಮಾಡಿದರು. 1860ರಲ್ಲಿ ಅವರು ಭಾರತ ಬಿಟ್ಟರು. ಮೆನ್ನೊನೈಟರು ಭಾರತಕ್ಕೆ ಬಂದದ್ದು ಆಮೇಲೆ. ರಷ್ಯಾದ ಅಬ್ರಹಾಂ ಫ್ರೀಸೆನ್ 1890ರ ಸುಮಾರಿಗೆ ಈಗಿನ ತೆಲಂಗಾಣದ ನಲ್ಗೊಂಡದಲ್ಲಿ ನೆಲೆಸಿದರು. ಅಮೆರಿಕದವರು 1899ರಲ್ಲಿ ಈಗಿನ ಛತ್ತೀಸ್‌ಗಢದ ಧಮ್ತರಿಗೆ ಬಂದರು. ಕರ್ನಾಟಕಕ್ಕೆ ಹತ್ತಿರವೆಂದರೆ ಗದ್ವಾಲ್, ಮಹಬೂಬ್‌ನಗರದ ಕಡೆಯ ಕೆಲಸ. ಇಬ್ಬರಲ್ಲೂ ಜರ್ಮನ್ ಹೆಸರುಗಳೇ ಇರುವುದರಿಂದ ಈ ಗೊಂದಲ ಸಹಜ.

ಪ್ರಶ್ನೆ: ಹಳೆಯ ದೀಕ್ಷಾಸ್ನಾನದ ದಾಖಲೆ ನೋಡಿ ಮಿಷನ್ ಯಾವುದೆಂದು ಹೇಳಬಹುದೇ?
– ವಿರಾಜಪೇಟೆ

ಉತ್ತರ: ಬರೀ ವಯಸ್ಸು ನೋಡಿ ತೀರ್ಮಾನಿಸಬೇಡಿ. ಮೆನ್ನೊನೈಟರು ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ, ಬಾಸೆಲ್‌ನವರು ಕೊಡುತ್ತಿದ್ದರು. ಆದರೆ ಹೊಸದಾಗಿ ಮತಕ್ಕೆ ಸೇರಿದ ಮೊದಲ ತಲೆಮಾರು ಎರಡೂ ಕಡೆ ದೊಡ್ಡವರೇ. ಎಡವುವುದು ಇಲ್ಲೇ. ಅದೇ ಕುಟುಂಬದ ಎರಡನೇ ತಲೆಮಾರಿನ ಹುಟ್ಟಿದ ದಿನವನ್ನೂ ಸ್ನಾನದ ದಿನವನ್ನೂ ಅಕ್ಕಪಕ್ಕ ಇಟ್ಟು ನೋಡಿ. ನಡುವೆ ಕೆಲವೇ ವಾರ ಇದ್ದರೆ ಮೆನ್ನೊನೈಟರಲ್ಲ. ಮೆನ್ನೊನೈಟರೊಳಗೂ ಭೇದವಿದೆ: ಧಮ್ತರಿಯವರು ತಲೆಗೆ ನೀರು ಹೊಯ್ಯುತ್ತಿದ್ದರು, ಮಹಬೂಬ್‌ನಗರದ ಮೆನ್ನೊನೈಟ್ ಬ್ರೆದ್ರನ್ ಪಂಗಡದವರು ನೀರಿನಲ್ಲಿ ಮುಳುಗಿಸುತ್ತಿದ್ದರು.

ಪ್ರಶ್ನೆ: ಮಿಷನ್ನೇ ಹಳ್ಳಿ ಕೊಂಡು ನಡೆಸಿದ್ದುಂಟೇ?
– ಪೊನ್ನಂಪೇಟೆ

ಉತ್ತರ: ಉಂಟು. ಬರಗಾಲದಲ್ಲಿ ಅನಾಥರಾಗಿ ಧಮ್ತರಿಯ ಮೆನ್ನೊನೈಟ್ ಮಿಷನ್ನಿನ ಆಶ್ರಯಕ್ಕೆ ಬಂದ ಮಕ್ಕಳು ದೊಡ್ಡವರಾದಾಗ ಜಮೀನಿಲ್ಲ, ಕುಲದ ಆಸರೆಯೂ ಇಲ್ಲ. ಹಾಗಾಗಿ 1906ರಲ್ಲಿ ಮಿಷನ್ ಬಲೋದ್‌ಗಹನ್ ಎಂಬ ಹಳ್ಳಿಯನ್ನೇ ಕೊಂಡಿತು. ಅಲ್ಲಿನದು ಮಾಲ್ಗುಜಾರಿ ಪದ್ಧತಿ: ಹಳ್ಳಿಯ ಒಡೆಯ ಗೇಣಿದಾರರಿಂದ ಗೇಣಿ ಎತ್ತಿ, ಸರ್ಕಾರದ ಕಂದಾಯ ಕಟ್ಟಿ, ಉಳಿದದ್ದನ್ನು ತಾನಿಟ್ಟುಕೊಳ್ಳುತ್ತಾನೆ. ನಮ್ಮ ಕೊಡಗಿನ ಜಮ್ಮಾ ಜಮೀನಿನ (ವಂಶಪಾರಂಪರ್ಯದ ಹಿಡುವಳಿ) ಲೆಕ್ಕ ಇದಕ್ಕೆ ಹೊಂದುವುದಿಲ್ಲ. ಮಿಷನ್ ಆ ಒಡೆಯನ ಜಾಗದಲ್ಲಿ ಕುಳಿತಿತು, ತೊಡಕೂ ಅಲ್ಲಿಂದಲೇ. ಭಾನುವಾರ ಬೋಧಿಸಿದವರೇ ಸೋಮವಾರ ಗೇಣಿ ಬಾಕಿ ಕೇಳಬೇಕು. ಬಿಗಿ ಹಿಡಿದರೆ ಚರ್ಚಿನ ಸಭೆ ಮುನಿಯುತ್ತದೆ. ಮಾಫಿ ಮಾಡಿದರೆ ಕಂದಾಯವನ್ನು ಮಿಷನ್ನೇ ಕೈಯಿಂದ ಕಟ್ಟಬೇಕು. ಗೇಣಿ, ಕೂಲಿ, ಶಾಲೆ, ಔಷಧಿ ಎಲ್ಲಕ್ಕೂ ಒಂದೇ ಬಾಗಿಲು ತಟ್ಟುವ ಸಭೆ ಸ್ವಂತ ಕಾಲ ಮೇಲೆ ನಿಲ್ಲುವುದು ತಡ. ಉದ್ದೇಶ ಒಳ್ಳೆಯದೇ, ಏರ್ಪಾಡು ಸರಿಯಿರಲಿಲ್ಲ. ಕೊನೆಗೆ ಮಧ್ಯಪ್ರದೇಶದ 1950ರ ಕಾಯಿದೆ ಮಾಲ್ಗುಜಾರಿಯನ್ನೇ ತೆಗೆದುಹಾಕಿತು. ಮಿಷನ್ನಿನ ಒಡೆತನವೂ ಅದರೊಂದಿಗೆ ಹೋಯಿತು.