ಕೇಸರಿ ಹೋಗಿ ಇಟ್ಟಿಗೆ ಬಣ್ಣ ಬಂತು!

ಪ್ರಶ್ನೆ: ನಮ್ಮ ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂದಿದೆ. ಮೊಬೈಲಿನಲ್ಲಿ ಪಳಪಳ ಹೊಳೆಯುತ್ತಿದ್ದ ಕೇಸರಿ ಇಟ್ಟಿಗೆಯ ಹಾಗೆ ಕಾಣುತ್ತಿದೆ. ನೀಲಿ ಅಂಚು ನೇರಳೆಯಾಗಿದೆ. ಪ್ರೆಸ್ಸಿನವರನ್ನು ಕೇಳಿದರೆ ‘ನೀವು ಕೊಟ್ಟ ಫೈಲೇ ಹಾಗಿತ್ತು’ ಎನ್ನುತ್ತಾರೆ. ಮುಂದೆ ಸ್ಮರಣ ಸಂಚಿಕೆ ಮಾಡಿಸಬೇಕು. ಏನು ಮಾಡಬೇಕು? ಹಳೆ ಬಿಲ್ಲಿನಲ್ಲಿ ಹಣ ಹಿಡಿಯಬಹುದೇ?
– ಓದುಗರೊಬ್ಬರು, ಕಟಪಾಡಿ

ಉತ್ತರ: ಪ್ರೆಸ್ಸಿನವರ ಮಾತು ಪೂರ್ತಿ ಸುಳ್ಳಲ್ಲ ಮಾರಾಯ್ರೇ. ಮೊಬೈಲಿನದು ಬೆಳಕಿನ ಬಣ್ಣ. ಪ್ರೆಸ್ಸಿನಲ್ಲಿರುವುದು ಸಯಾನ್ (ಹಸಿರು ಛಾಯೆಯ ತಿಳಿನೀಲಿ), ಮಜೆಂಟಾ (ಕಡುಗುಲಾಬಿ), ಹಳದಿ, ಕಪ್ಪು ಎಂಬ ನಾಲ್ಕು ಶಾಯಿ. ಮಿಂಚುವ ಕೇಸರಿ, ಗಿಳಿಹಸಿರು ಇವೆಲ್ಲ ಈ ನಾಲ್ಕರಲ್ಲಿ ಸಿಗುವುದೇ ಇಲ್ಲ. ಮೊಬೈಲ್ ತೋರಿಸಿ ‘ಹೀಗೇ ಬರಬೇಕು’ ಎಂದರೆ ಅವರಿಗೆ ಏನೂ ಹೇಳಿದಂತಾಗಲಿಲ್ಲ.

ಡಿಟಿಪಿ ಮಾಡಿದವರ ಹತ್ತಿರ ಕೂತು, ಆ ಕೇಸರಿ ಹಿನ್ನೆಲೆಯಲ್ಲಿ ಯಾವ ಶಾಯಿ ಶೇಕಡಾ ಎಷ್ಟಿದೆ ಎಂಬ ಅಂಕಿಗಳನ್ನು ಓದಿಸಿ. ಮಜೆಂಟಾ 50–60, ಹಳದಿ 100 ಇದ್ದು ಸಯಾನ್, ಕಪ್ಪು ಎರಡೂ ಸೊನ್ನೆ ಇರಲಿ. ಅಲ್ಲಿ ಸಯಾನ್ 10–15 ನುಸುಳಿದ್ದರೆ ನಿಮ್ಮ ಇಟ್ಟಿಗೆ ಬಂದದ್ದು ಅಲ್ಲಿಂದಲೇ. ನೀಲಿಯದೂ ಅಷ್ಟೇ. ಸಯಾನ್, ಮಜೆಂಟಾ ಎರಡೂ 100 ಇದ್ದರೆ ಕಾಗದದ ಮೇಲೆ ನೇರಳೆಯೇ ಆಗುತ್ತದೆ. ಮಜೆಂಟಾವನ್ನು 60–70ಕ್ಕೆ ಇಳಿಸಿ. ಇದು ಬರೀ ಬಣ್ಣ ತುಂಬಿದ ಜಾಗಗಳಿಗೆ ಮಾತ್ರ. ಫೋಟೋಗಳಲ್ಲಿ ಹೀಗೆ ಕೈ ಹಾಕಬೇಡಿ, ಪ್ರೆಸ್ಸಿನವರು ಹೇಳುವ ಪ್ರೊಫೈಲಿಗೆ (ಅವರ ಶಾಯಿ, ಕಾಗದಕ್ಕೆ ಹೊಂದಿಸುವ ಬಣ್ಣದ ಸೆಟ್ಟಿಂಗಿಗೆ) ಬದಲಿಸಿದರೆ ಸಾಕು.

ಸಮಿತಿಯವರಿಗೆ ಹೊಳೆಯುವ ಕೇಸರಿಯೇ ಬೇಕೆಂದಿದ್ದರೆ ಐದನೇ ಶಾಯಿಯಾಗಿ ಸ್ಪೆಷಲ್ ಕಲರ್ ಹಾಕಿಸಬಹುದು. ಒಂದು ಪ್ಲೇಟ್ (ಅಚ್ಚಿನ ತಗಡು) ಜಾಸ್ತಿ, ಖರ್ಚೂ ಜಾಸ್ತಿ. ಮುಖಪುಟಕ್ಕಾದರೆ ಹಾಕಿಸಿ, ಒಳಪುಟಕ್ಕೆ ಸುಮ್ನೆ ದುಡ್ಡು ದಂಡ.

ಕಾಗದ ಯಾವುದೆಂದು ಮೊದಲೇ ತೀರ್ಮಾನಿಸಿ. ನುಣುಪು ಲೇಪನದ ಆರ್ಟ್ ಪೇಪರಿನಲ್ಲಿ ಶಾಯಿ ಮೇಲೆಯೇ ನಿಲ್ಲುತ್ತದೆ, ಲೇಪನವಿಲ್ಲದ ಮ್ಯಾಪ್ಲಿಥೋ ಕಾಗದದಲ್ಲಿ ಒಳಗೆ ಇಳಿದು ಬಣ್ಣ ಮಂಕಾಗುತ್ತದೆ. ಫೈಲ್ ಒಂದೇ ಆದರೂ ಮುಖಪುಟದ ಕೇಸರಿ ಒಳಪುಟದಲ್ಲಿ ಹಾಗೇ ಬರುವುದಿಲ್ಲ. ಮುಖಪುಟಕ್ಕೆ ಮ್ಯಾಟ್ ಲ್ಯಾಮಿನೇಶನ್ (ಹೊಳಪಿಲ್ಲದ ಪ್ಲಾಸ್ಟಿಕ್ ಪದರ) ಇದ್ದರೆ ಇನ್ನೂ ಸ್ವಲ್ಪ ಮಂಕು. ಹಾಗಾಗಿ ಪ್ರೂಫನ್ನು (ಅಚ್ಚಿಗೆ ಮೊದಲು ತೋರಿಸುವ ಮಾದರಿ ಪ್ರತಿಯನ್ನು) ನಿಮ್ಮ ಕಾಗದಕ್ಕೆ ಹೊಂದುವಂತೆ, ಲ್ಯಾಮಿನೇಶನ್ ಸಮೇತ ಕೇಳಿ. ಜೆರಾಕ್ಸ್ ಅಂಗಡಿಯ ಕಲರ್ ಪ್ರಿಂಟನ್ನು ಪ್ರೂಫ್ ಎಂದು ಒಪ್ಪಬೇಡಿ.

ಪ್ರೂಫನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಿ ಸಹಿ ಹಾಕಬೇಡಿ. ಕೆಲವು ಪ್ರೆಸ್ಸುಗಳಲ್ಲಿ 5000 ಕೆಲ್ವಿನ್ (ಹಗಲಿನಂಥ) ಬೆಳಕಿನ ಪೆಟ್ಟಿಗೆ ಇರುತ್ತದೆ, ಅದರಲ್ಲಿ ನೋಡಿ. ಇಲ್ಲವಾದರೆ ಹಗಲು ಹೊತ್ತು, ಬಿಸಿಲು ನೇರ ಬೀಳದ ಜಗಲಿಗೆ ತನ್ನಿ. ಸಹಿ ಮಾತ್ರ ಒಬ್ಬರದೇ ಇರಲಿ.

ಅಚ್ಚಾಗುವಾಗ ಮೆಷಿನ್ ಹತ್ತಿರಕ್ಕೂ ಆ ಒಬ್ಬರೇ ಹೋಗಲಿ. ಸಮಿತಿಯ ಐದು ಮಂದಿ ಸುತ್ತ ನಿಂತು ಒಬ್ಬರು ‘ಕೆಂಪು ಜಾಸ್ತಿ ಮಾಡಿ’, ಇನ್ನೊಬ್ಬರು ‘ಬೇಡ’ ಎನ್ನುವುದನ್ನು ನಾನು ಕಂಡಿದ್ದೇನೆ. ಒಂದೇ ದೊಡ್ಡ ಹಾಳೆಯಲ್ಲಿ ಎಂಟು ಪುಟ ಒಟ್ಟಿಗೆ ಅಚ್ಚಾಗುತ್ತದೆ ಎಂದಿಟ್ಟುಕೊಳ್ಳಿ. ಶಾಯಿ ಹೆಚ್ಚಿಸಿದರೆ ಆ ಹಾಳೆಯ ಉದ್ದಕ್ಕೂ, ಅದೇ ಪಟ್ಟಿಯಲ್ಲಿರುವ ಎಲ್ಲ ಪುಟಕ್ಕೂ ಅದು ಬೀಳುತ್ತದೆ. ರಥದ ಬಾವುಟ ಕೆಂಪಾಗಲಿ ಎಂದು ಕೇಳಿದರೆ, ಅದೇ ಪಟ್ಟಿಯ ಇನ್ನೊಂದು ಪುಟದಲ್ಲಿ ಆಶೀರ್ವಚನ ನೀಡುವ ಸ್ವಾಮೀಜಿಯವರ ಮುಖವೂ ಕೆಂಪಾಗುತ್ತದೆ! ಸಹಿ ಹಾಕಿದ ಪ್ರೂಫನ್ನು ಪಕ್ಕದಲ್ಲಿಟ್ಟು ಹೋಲಿಸಿ, ಹತ್ತಿರ ಬಂದರೆ ಒಂದು ಹಾಳೆಗೆ ‘ಓಕೆ’ ಬರೆದು ಹೊರಟು ಬನ್ನಿ.

ಹಳೆ ಬಿಲ್ಲಿನ ವಿಷಯ. ನೀವು ಪ್ರೂಫ್ ನೋಡಿ ಸಹಿ ಹಾಕಿದ್ದಿರಾ? ಇಲ್ಲ ಅಂತಾದರೆ ‘ಹೀಗೆ ಬರಬೇಕಿತ್ತು’ ಎಂದು ತೋರಿಸಲು ನಿಮ್ಮ ಕೈಯಲ್ಲಿ ಏನೂ ಇಲ್ಲ. ಆದರೂ ಹೋಗಿ, ಫೈಲನ್ನು ನಿಮ್ಮೆದುರೇ ತೆರೆಸಿ ಅಂಕಿ ನೋಡಿ. ಸಯಾನ್ ಇದ್ದರೆ ಪೂರ್ತಿ ಹಣ ಕೊಟ್ಟುಬಿಡಿ. ಅಂಕಿ ಸರಿಯಿದ್ದೂ ಇಟ್ಟಿಗೆ ಬಂದಿದ್ದರೆ ಕಡಿತದ ಮಾತಾಡಿ, ನ್ಯಾಯವೇ.