ಬ್ರಿಟನ್ ಕಾಪಾಡಿದ ಕೀತ್ ಪಾರ್ಕ್ ಅವರನ್ನು ಹುದ್ದೆಯಿಂದ ತೆಗೆದದ್ದು ಯಾಕೆ?

"1940ರಲ್ಲಿ ಜರ್ಮನ್ ವಿಮಾನದಾಳಿಯನ್ನು ತಡೆದ ಕೀತ್ ಪಾರ್ಕ್ ಅವರನ್ನು ಅದೇ ವರ್ಷ ತೆಗೆದುಹಾಕಿದರಂತೆ. ಅಂಥ ತಪ್ಪೇನು ಮಾಡಿದ್ದರು?" ಅಂತ ಕೇಳಿದ್ದೀರಿ.

ತಪ್ಪೇನೂ ಮಾಡಿರಲಿಲ್ಲ. ಅವರ ಲೆಕ್ಕ ಮೇಲಿನವರಿಗೆ ಹಿಡಿಸಲಿಲ್ಲ, ಅಷ್ಟೆ. ಈ ಕಥೆ ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಪಾರ್ಕ್ ನ್ಯೂಜಿಲೆಂಡ್‌ನವರು. ಮೊದಲ ಮಹಾಯುದ್ಧದಲ್ಲಿ ಫಿರಂಗಿ ದಳದಲ್ಲಿದ್ದು, ಗಾಯಗೊಂಡ ಮೇಲೆ ವಿಮಾನ ಹತ್ತಿದವರು. 1940ರ ಏಪ್ರಿಲ್‌ನಲ್ಲಿ ಅವರ ಕೈಗೆ ಬ್ರಿಟಿಷ್ ವಾಯುಪಡೆಯ ಯುದ್ಧವಿಮಾನಗಳ ವಿಭಾಗವಾದ 11ನೇ ಗ್ರೂಪ್ ಬಂತು. ಲಂಡನ್ ಮತ್ತು ಆಗ್ನೇಯ ಇಂಗ್ಲೆಂಡಿನ ಆಕಾಶ ಕಾಯುವ ಹೊಣೆ ಅದರದು.

ಅಲ್ಲಿ ಎಲ್ಲವೂ ನಿಮಿಷಗಳ ಮೇಲೆ ನಿಂತಿತ್ತು. ಶತ್ರು ವಿಮಾನ ರಾಡಾರ್‌ಗೆ ಕಂಡ ಮೇಲೆ ತಲೆ ಮೇಲೆ ಬರಲು ಸುಮಾರು 20 ನಿಮಿಷ. ಬ್ರಿಟಿಷರ ಸ್ಪಿಟ್‌ಫೈರ್ ಯುದ್ಧವಿಮಾನ ಶತ್ರುವಿನ ಎತ್ತರಕ್ಕೆ ಏರುವಷ್ಟರಲ್ಲಿ ಅದರಲ್ಲಿ ಹೆಚ್ಚಿನ ಪಾಲು ಮುಗಿದೇ ಹೋಗುತ್ತಿತ್ತು. ಹಾಗಾಗಿ ಪಾರ್ಕ್ ಒಂದೋ ಎರಡೋ ಸ್ಕ್ವಾಡ್ರನ್‌ಗಳನ್ನು (ವಿಮಾನಗಳ ತುಕಡಿಗಳನ್ನು) ಕೂಡಲೇ ಕಳಿಸುತ್ತಿದ್ದರು. ಬಾಂಬ್ ಬೀಳುವ ಮೊದಲೇ ದಾಳಿಯನ್ನು ಚದುರಿಸಬೇಕು, ಉಳಿದ ವಿಮಾನಗಳು ಮುಂದಿನ ದಾಳಿಗೆ ಇರಬೇಕು. ನಡುವೆ ತಮ್ಮ ಹರಿಕೇನ್ ಯುದ್ಧವಿಮಾನ ಹತ್ತಿ ತಾವೇ ವಿಮಾನನೆಲೆಗಳಿಗೆ ಹೋಗಿ ಹುಡುಗರನ್ನು ಮಾತಾಡಿಸುತ್ತಿದ್ದರು.

ಉತ್ತರಕ್ಕಿದ್ದ 12ನೇ ಗ್ರೂಪಿನ ಮುಖ್ಯಸ್ಥ ಲೀ-ಮ್ಯಾಲರಿ ಅವರ ವಾದ ಬೇರೆ. ನಾಲ್ಕೈದು ಸ್ಕ್ವಾಡ್ರನ್ ಒಟ್ಟುಗೂಡಿಸಿ ಒಮ್ಮೆಗೇ ಹೊಡೆಯಬೇಕು ಅನ್ನುವುದು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಅಷ್ಟು ವಿಮಾನ ಆಕಾಶದಲ್ಲಿ ಸೇರುವ ತನಕ ಜರ್ಮನರು ಸುಮ್ನೆ ಕಾಯುತ್ತಾರಾ? ದೂರದಲ್ಲಿದ್ದ ಲೀ-ಮ್ಯಾಲರಿ ಅವರಿಗೆ ಸಮಯವಿತ್ತು. ಕರಾವಳಿಯ ಪಕ್ಕದಲ್ಲೇ ಇದ್ದ ಪಾರ್ಕ್ ಅವರಿಗೆ ಇರಲಿಲ್ಲ.

ಅಕ್ಟೋಬರ್ 17ರಂದು ವಾಯು ಸಚಿವಾಲಯದ ಸಭೆಯಲ್ಲಿ ಗಾಳಿ ಲೀ-ಮ್ಯಾಲರಿ ಕಡೆಗೇ ಬೀಸಿತು. ಡಿಸೆಂಬರ್‌ನಲ್ಲಿ ಪಾರ್ಕ್ ಅವರ ಕುರ್ಚಿಯಲ್ಲಿ ಲೀ-ಮ್ಯಾಲರಿ ಅವರೇ ಕುಳಿತರು. ಪಾರ್ಕ್ ಅವರನ್ನು ತರಬೇತಿ ವಿಭಾಗಕ್ಕೆ ಕಳಿಸಿದರು. 1941ರ ಜನವರಿಯಲ್ಲಿ ಲೀ-ಮ್ಯಾಲರಿ ಹಳೆಯ ದಾಳಿಯೊಂದನ್ನು ಕಾಗದದ ಮೇಲೆ ತಮ್ಮ ರೀತಿಯಲ್ಲಿ ಎದುರಿಸಿ ನೋಡಿದರು. ಅವರ ವಿಮಾನಗಳು ನೆಲ ಬಿಡುವ ಮೊದಲೇ ನೆಲೆಗಳ ಮೇಲೆ ಬಾಂಬ್ ಬಿದ್ದಿತ್ತು! ಆದರೂ ಪಾರ್ಕ್ ಅವರನ್ನು ವಾಪಸ್ ಕರೆಯಲಿಲ್ಲ.

ಅವರಿಗೆ ಮತ್ತೆ ದೊಡ್ಡ ಹೋರಾಟ ಸಿಕ್ಕಿದ್ದು 1942ರ ಜುಲೈನಲ್ಲಿ, ಮಾಲ್ಟಾ ದ್ವೀಪದಲ್ಲಿ. ಅಲ್ಲಿ ಶತ್ರುವಿನ ಬಾಂಬರ್‌ಗಳು ದ್ವೀಪಕ್ಕೆ ಬರುವ ತನಕ ಕಾಯಬೇಡಿ, ಉತ್ತರಕ್ಕೆ ಸಮುದ್ರದ ಮೇಲೇ ಹೋಗಿ ಅಡ್ಡಗಟ್ಟಿ ಅಂದರು. ಕೆಲವೇ ವಾರಗಳಲ್ಲಿ ಹಗಲು ದಾಳಿ ಬಹಳ ಕಡಿಮೆಯಾಯಿತು.