ಹದಿನೈದು ವರ್ಷ ಬಿಟ್ಟಿದ್ದ ಹೊಲಿಗೆ ಮತ್ತೆ ಶುರು ಮಾಡಬಹುದಾ? ಅಮ್ಮನ ಹಳೇ ಮಿಷನ್ ಸಾಕಾ, ಹೊಸದು ತಗೋಬೇಕಾ?

ಧಾರಾಳವಾಗಿ ಶುರು ಮಾಡಿ. ಮದುವೆಗೆ ಮುಂಚೆ ನನ್ನ ಬ್ಲೌಸ್ ನಾನೇ ಹೊಲಿದುಕೊಳ್ಳುತ್ತಿದ್ದೆ ಅಂತ ಬರೆದಿದ್ದೀರಿ. ಅಷ್ಟು ಪಳಗಿದ ಕೈ ಮರೆಯುವುದಿಲ್ಲ. ನಾನು ಮೈಸೂರಿನ ಕುವೆಂಪುನಗರದವಳು. ಕೆಲಸ, ಮಕ್ಕಳು ಅಂತ ನನ್ನ ಹೊಲಿಗೆಯೂ ಪೂರ್ತಿ ನಿಂತುಹೋಗಿತ್ತು. ಆಯುಧಪೂಜೆ ದಿನ ಮಾತ್ರ ಮಿಷನ್ ಒರೆಸಿ, ಅರಿಶಿನ ಕುಂಕುಮ ಇಟ್ಟು, ಹೂವಿಟ್ಟು ಮತ್ತೆ ಮುಚ್ಚಿಡುತ್ತಿದ್ದೆವು. ನಿವೃತ್ತಿ ಆದಮೇಲೆ ಮತ್ತೆ ಕೂತೆ. ಕೈ ಬೇಗ ಹಿಡಿತಕ್ಕೆ ಬಂತು. ತಡವಾಗುವುದು ಬೇರೆ ಎರಡರಿಂದ: ಮಿಷನ್ ಜಡ್ಡು ಹಿಡಿದಿರುತ್ತದೆ, ನಮ್ಮ ಮೈ ಅಳತೆ ಬದಲಾಗಿರುತ್ತದೆ.

ಹೊಸ ಮಿಷನ್ ಈಗಲೇ ಬೇಡ. ಕಾಲಲ್ಲಿ ತುಳಿಯುವ ಅಮ್ಮನ ಆ ಕಪ್ಪು ಮಿಷನ್ ಗಟ್ಟಿ ಕಬ್ಬಿಣದ್ದು. ನೇರ ಹೊಲಿಗೆಗೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ, ಬಿಡಿಭಾಗಗಳೂ ಸಿಗುತ್ತವೆ. ಜಿಗ್‌ಜಾಗ್, ಕಾಜಾ (ಗುಂಡಿ ತೂತು) ಎಲ್ಲ ಮಿಷನ್ನಲ್ಲೇ ಆಗಬೇಕು ಅನ್ನಿಸಿದರೆ ಆಮೇಲೆ ಯೋಚಿಸಿ.

ಮೊದಲ ದಿನ ಹೊಲಿಯಲು ಹೋಗಬೇಡಿ, ಬರೀ ಮಿಷನ್ ನೋಡಿಕೊಳ್ಳಿ. ಬಾಬಿನ್ ಕೇಸ್, ಅಂದರೆ ಕೆಳಗಿನ ದಾರದ ಉರುಳೆ ಕೂರುವ ಡಬ್ಬಿ, ಹೊರಗೆ ತೆಗೆಯಿರಿ. ಸೂಜಿ ಇಳಿಯುವ ತಗಡಿನ ಎರಡು ಸ್ಕ್ರೂ ಬಿಚ್ಚಿ, ತಗಡು ಎತ್ತಿ ನೋಡಿ. ಬಟ್ಟೆ ಮುಂದಕ್ಕೆ ತಳ್ಳುವ ಹಲ್ಲುಗಳ ಸಂದಿಯಲ್ಲಿ ವರ್ಷಗಟ್ಟಲೆ ಧೂಳು, ನೂಲಿನ ನವಿರು, ಎಣ್ಣೆ ಎಲ್ಲ ಸೇರಿ ಬೂದು ಬಣ್ಣದ ಒತ್ತಾದ ಪದರ ಕೂತಿರುತ್ತದೆ. ಊದಿದರೆ ಹೋಗುವುದಿಲ್ಲ. ಸೂಜಿ ಮೊನೆಯಲ್ಲಿ ಮೆಲ್ಲಗೆ ಎಬ್ಬಿಸಿದರೆ ಚಕ್ಕೆ ಚಕ್ಕೆಯಾಗಿ ಬರುತ್ತದೆ. ಹೊಲಿಗೆ ಹಾರುವುದು, ಬಟ್ಟೆ ಮುಂದೆ ಸರಿಯದಿರುವುದು ಎಷ್ಟೋ ಸಲ ಇದರಿಂದಲೇ.

ಎಣ್ಣೆ ಅಂದರೆ ಮಿಷನ್ ಎಣ್ಣೆಯೇ ಹಾಕಿ. ಮನೆಯಲ್ಲಿದೆ ಅಂತ ಕೊಬ್ಬರಿ ಎಣ್ಣೆ ಬಿಡಬೇಡಿ. ಧನುರ್ಮಾಸದ ಚಳಿಗೆ ಸೀಸೆಯಲ್ಲಿ ಅದು ಗಟ್ಟಿಯಾಗುತ್ತದಲ್ವಾ, ಮಿಷನ್ ಒಳಗೂ ಹಾಗೇ ಆಗುತ್ತದೆ, ಜೊತೆಗೆ ಅಂಟು ಬೇರೆ. ಮೇಲಿನ ಪ್ರತಿ ತೂತಿಗೂ ಒಂದೊಂದು ಹನಿ ಸಾಕು. ದಾರ ಹಾಕದೆ ಸ್ವಲ್ಪ ಹೊತ್ತು ತುಳಿದು, ಹಳೇ ಬಟ್ಟೆ ಮೇಲೆ ಓಡಿಸಿ, ಹೆಚ್ಚಿನ ಎಣ್ಣೆ ಅದೇ ಹೀರಿಕೊಳ್ಳಲಿ. ಚರ್ಮದ ಬೆಲ್ಟು ಸಡಿಲವಾಗಿ ಜಾರುತ್ತಿದ್ದರೆ ಒಂದು ತುಂಡು ಕತ್ತರಿಸಿ ಮತ್ತೆ ಕ್ಲಿಪ್ ಹಾಕಬಹುದು.

ಹಳೇ ಸೂಜಿ, ಹಳೇ ದಾರ ಎರಡನ್ನೂ ಬಿಡಿ. ವರ್ಷಗಟ್ಟಲೆ ಇಟ್ಟ ದಾರ ಎಳೆದರೆ ಪಟ್ಟಂತ ಕಿತ್ತುಬರುತ್ತದೆ. ಸಾಮಾನ್ಯ ಕಾಟನ್‌ಗೆ 14ನೇ ನಂಬರ್ ಸೂಜಿ ಸರಿ, ತೆಳು ರೇಷ್ಮೆಗೆ 11. ಅಂಗಡಿಗೆ ಹೋಗುವಾಗ ಹಳೇ ಸೂಜಿ ಜೊತೆಗೆ ಒಯ್ಯಿರಿ, ಏಕೆಂದರೆ ಟೈಲರ್ ಅಂಗಡಿಯ ದೊಡ್ಡ ಮಿಷನ್ ಸೂಜಿ ಮನೆ ಮಿಷನ್‌ಗೆ ಆಗುವುದಿಲ್ಲ. ಸೂಜಿಯ ಒಂದು ಪಕ್ಕದಲ್ಲಿ ಉದ್ದಕ್ಕೂ ಸಣ್ಣ ಗೀರು ಇರುತ್ತದೆ. ದಾರ ಪೋಣಿಸುವುದು ಆ ಕಡೆಯಿಂದ.

ಕಾಲಿನ ಲಯಕ್ಕೆ ಒಂದು ಉಪಾಯ ಇದೆ. ರೂಲ್ ಹಾಕಿದ ನೋಟ್‌ಬುಕ್ ಹಾಳೆ ತಗೊಂಡು, ದಾರ ಇಲ್ಲದೆ, ಗೆರೆ ಮೇಲೇ ಸೂಜಿ ಓಡಿಸಿ. ಒಂದು ಪಾದ ಚೂರು ಮುಂದೆ, ಇನ್ನೊಂದು ಹಿಂದೆ ಇಟ್ಟರೆ ತುಳಿಯುವುದು ಸಲೀಸು. ಚಕ್ರ ಯಾವಾಗಲೂ ನಿಮ್ಮ ಕಡೆಗೇ ತಿರುಗಬೇಕು. ಕಾಗದಕ್ಕೆ ಸೂಜಿ ಮೊಂಡಾಗುತ್ತದೆ, ಆದ್ದರಿಂದ ಈ ಅಭ್ಯಾಸಕ್ಕೆ ಹಳೇ ಸೂಜಿಯೇ ಇರಲಿ.

ಬಟ್ಟೆ ಕೆಳಗೆ ದಾರ ಗಂಟು ಗಂಟಾಗಿ ನಿಂತರೆ ಎಲ್ಲರೂ ಮೊದಲು ಬಾಬಿನ್ ಬೈಯುತ್ತಾರೆ. ಬಹಳ ಸಲ ತಪ್ಪು ಮೇಲಿನ ದಾರದ್ದು. ದಾರ ಬಿಗಿ ಹಿಡಿಯುವ ಟೆನ್ಷನ್ ತಟ್ಟೆಗಳ ನಡುವೆ ಅದು ಕೂತಿರುವುದಿಲ್ಲ, ಇಲ್ಲವೇ ಬಟ್ಟೆ ಒತ್ತಿ ಹಿಡಿಯುವ ಮಿಷನ್ ಪಾದ ಕೆಳಗಿಳಿಸಿರುವುದಿಲ್ಲ. ಟೆನ್ಷನ್ ಸ್ಕ್ರೂ ತಿರುಗಿಸುವ ಮುಂಚೆ ದಾರ ಪೂರ್ತಿ ತೆಗೆದು ಮತ್ತೆ ಪೋಣಿಸಿ ನೋಡಿ.

ಇನ್ನು ಅಳತೆ. ಹಳೇ ನೋಟ್‌ಬುಕ್‌ನಲ್ಲಿ ಬರೆದಿಟ್ಟ ಅಳತೆ ಈಗ ಕೆಲಸಕ್ಕೆ ಬರುವುದಿಲ್ಲ. ಬೇಜಾರು ಬೇಡ, ಎಲ್ಲರಿಗೂ ಅಷ್ಟೇ. ಮನೆಯವರ ಕೈಲಿ ಟೇಪು ಕೊಟ್ಟು ಎದೆ, ಸೊಂಟ, ಭುಜ, ತೋಳಿನ ಸುತ್ತಳತೆ ಹೊಸದಾಗಿ ತೆಗೆಸಿ. ಈಗ ಚೆನ್ನಾಗಿ ಕೂರುವ ಒಂದು ಬ್ಲೌಸನ್ನು ಅಳತೆ ಬ್ಲೌಸ್ ಮಾಡಿಕೊಂಡು ಹೋಲಿಸಿ. ಎದೆ 36 ಇಂಚಾದರೆ ಮಡಚಿದ ಬಟ್ಟೆ ಮೇಲೆ ಕಾಲು ಭಾಗ, ಅಂದರೆ 9 ಇಂಚು. ಅದರ ಮೇಲೆ ಪಕ್ಕದ ಮಾರ್ಜಿನ್ ಧಾರಾಳವಾಗಿ ಎರಡು ಇಂಚು ಬಿಡಿ. ಬಿಚ್ಚಿ ಸಡಿಲ ಮಾಡಲು ಜಾಗ ಇರುತ್ತದೆ.

ಮೊದಲು ಹಳೇ ಬೆಡ್‌ಶೀಟಲ್ಲಿ ದಿಂಬಿನ ಕವರ್, ಆಮೇಲೆ ಲಂಗ, ಆಮೇಲೆ ಕಾಟನ್ ಬ್ಲೌಸ್. ಲೈನಿಂಗ್ ಬಟ್ಟೆ, ಸೀರೆ ಫಾಲ್ ಎರಡನ್ನೂ ರಾತ್ರಿಯೇ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಸಿ. ಇಲ್ಲದಿದ್ದರೆ ಒಂದೇ ಒಗೆತಕ್ಕೆ ಒಳಗಿನದು ಕುಗ್ಗಿ ಮೇಲಿನ ಬಟ್ಟೆ ಸುಕ್ಕಾಗುತ್ತದೆ.

ಬೀರುವಿನಲ್ಲಿ ಮೈಸೂರು ಸಿಲ್ಕ್ ಬ್ಲೌಸ್ ಪೀಸ್ ಇದೆ, ಅದರಿಂದಲೇ ಶುರು ಮಾಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. 1912ರಲ್ಲಿ ಶುರುವಾದ ನಮ್ಮ ಮೈಸೂರಿನ ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆ ಹೆಸರು ಮಾಡಿರುವುದೇ ಆ ಮೆತ್ತನೆ ಇಳಿಬೀಳುವ ಕ್ರೇಪ್ ರೇಷ್ಮೆಗೆ. ಆ ಗುಣಕ್ಕೇ ಅದು ಕತ್ತರಿ ಕೆಳಗೂ ಜಾರುತ್ತದೆ. ಹೊಲಿದು ಬಿಚ್ಚಿದರೆ ಸೂಜಿ ತೂತುಗಳು ಹಾಗೇ ಕಾಣುತ್ತವೆ. ಕಾಟನ್ ಬ್ಲೌಸನ್ನು ಒಂದು ಸಲ ಒಗೆದು, ಹಾಕಿಕೊಂಡು, ಕೈ ಎತ್ತಿ ಇಳಿಸಿ ನೋಡಿ. ಕಂಕುಳಲ್ಲಿ ಎಳೆಯದಿದ್ದರೆ ಅದೇ ಅಳತೆಗೆ ಸಿಲ್ಕ್ ಕತ್ತರಿಸಿ. ಪಿನ್ ಮಾತ್ರ ಮಾರ್ಜಿನ್ ಒಳಗೇ ಚುಚ್ಚಿ.